ಮೂರನೇ ಸೆಲ್ಲಿನ ಗುಳ್ಳೆಗಳು

ಹೆಂಡತಿಯ ತವರಿನಲ್ಲಿ ಮುರಳಿಮೋಹನನಿಗೆ ಒಂದು ಅಡ್ಡಹೆಸರು ಬಿದ್ದಿತ್ತು: ಡಬ್ಬಿ ಮೇಷ್ಟ್ರು. ಇಟ್ಟವನು ಹೆಂಡತಿ ಸುನಂದಳ ಅಣ್ಣ ಅನಿಲ್‌ಕುಮಾರ್. ಇಟ್ಟ ಜಾಗ ಶ್ರೀನಿವಾಸಪುರದಲ್ಲಿದ್ದ ಅವನ ಮಾವಿನ ಮಂಡಿಯ ಅಂಗಳ. ಮಾವು ಇಲ್ಲದ ಕಾಲದಲ್ಲಿ ತಕ್ಕಡಿಗಳಿಗೆ ಗೋಣಿ ಹೊದಿಸಿ, ಆ ಅಂಗಳದಲ್ಲಿ ಜಿಲ್ಲೆಯ ಹಳೆ ಕಾರುಗಳವರೆಲ್ಲ ವರ್ಷಕ್ಕೊಮ್ಮೆ ಸೇರುತ್ತಿದ್ದರು. ಅಂಗಳ ಅವನದು, ಶಾಮಿಯಾನ ಅವನದು, ಮಧ್ಯಾಹ್ನದ ಊಟವೂ ಅವನದು. ಹಾಗಾಗಿ ಯಾವ ಕಾರು ಅಸಲಿ, ಯಾವುದು ಅಲ್ಲ ಎಂದು ಹೇಳುವ ಅಧಿಕಾರವೂ ತಾನಾಗಿಯೇ ಅವನದಾಗಿತ್ತು. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಇರುವ ಕಾರಿನ ಮುಂದಿನ ಗ್ರಿಲ್ಲಿಗೆ ಅವನು ತನ್ನ ಕೈಯಾರೆ ಒಂದು ಹಿತ್ತಾಳೆ ಬಿಲ್ಲೆ ಕಟ್ಟುತ್ತಿದ್ದ.

ಮುರಳಿ ಕೋಲಾರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಹೇಳಿಕೊಡುವವನು. ಲಕ್ಕೂರಿನ ಕದಿರಪ್ಪನವರ ರೇಷ್ಮೆ ಹುಳುಮನೆಯಲ್ಲಿ, ಹಿಪ್ಪುನೇರಳೆ ಕಡ್ಡಿಗಳ ಹೊರೆಯ ಹಿಂದೆ ಬಿದ್ದಿದ್ದ ಐವತ್ತಾರನೇ ಇಸವಿಯ ಲ್ಯಾಂಡ್‌ಮಾಸ್ಟರ್ ಕಾರನ್ನು ತಂದು, ಬಿಚ್ಚಿ, ಉಜ್ಜಿ, ಮತ್ತೆ ಜೋಡಿಸಿದ್ದ. ಅದೇ ಕಾರಿನ ಮೇಲೆ ಅನಿಲ್‌ಕುಮಾರನಿಗೂ ಕಣ್ಣಿತ್ತು. ತಂಗಿಯ ಗಂಡ ತನಗೊಂದು ಮಾತೂ ಹೇಳದೆ ಕದಿರಪ್ಪನವರ ಮನೆಗೆ ಮೊದಲು ಹೋಗಿ ಕೂತ ಎಂಬುದನ್ನು ಅವನು ಮರೆತಿರಲಿಲ್ಲ.

ಕಾರಿನಲ್ಲಿ ಎಲ್ಲವೂ ಸರಿಯಾಗಿತ್ತು, ಬ್ಯಾಟರಿಯೊಂದನ್ನು ಬಿಟ್ಟು. ಆ ಕಾಲದ ಬ್ಯಾಟರಿಯನ್ನು ಈಗ ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ. ಕಪ್ಪು ಗಟ್ಟಿ ರಬ್ಬರಿನ ಪೆಟ್ಟಿಗೆ, ತಲೆಯ ಮೇಲೆ ಹೊಯ್ದ ಡಾಂಬರು, ಡಾಂಬರಿನ ಮೇಲೆ ಒಂದು ಸೆಲ್ಲಿನಿಂದ ಇನ್ನೊಂದಕ್ಕೆ ಬಯಲಲ್ಲೇ ಹಾಯುವ ಸೀಸದ ದಪ್ಪ ಪಟ್ಟಿಗಳು. ಈಗಿನ ಬ್ಯಾಟರಿಯಲ್ಲಿ ಇದೆಲ್ಲ ಪ್ಲಾಸ್ಟಿಕ್ಕಿನ ಒಳಗೆ. ಐವತ್ತಾರರ ಬಾನೆಟ್ಟಿನ ಕೆಳಗೆ ಅಂಥದ್ದನ್ನು ಇಡುವುದೆಂದರೆ ಕಚ್ಚೆಪಂಚೆ ಉಟ್ಟವನ ಕಾಲಿಗೆ ಸ್ಪೋರ್ಟ್ಸ್ ಶೂ ತೊಡಿಸಿದ ಹಾಗೆ. ಆದ್ದರಿಂದ ಹಳೆ ಕಾರಿನವರಲ್ಲಿ ಅನೇಕರು ಮಾಡುವುದನ್ನೇ ಮುರಳಿಯೂ ಮಾಡಿದ. ಹಳೆಯ ರಬ್ಬರ್ ಪೆಟ್ಟಿಗೆಯೊಂದನ್ನು ಹುಡುಕಿ, ಒಳಗಿನ ಅಡ್ಡಗೋಡೆಗಳನ್ನು ಒಡೆದು, ಹೊಸ ಬ್ಯಾಟರಿಯೊಂದನ್ನು ಅದರೊಳಗೆ ಅಡಗಿಸಿ, ಮೇಲೆ ಡಾಂಬರು ಬಳಿದ. ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಆ ವರ್ಷ ಅಂಗಳದಲ್ಲಿ ಮೈಕು ಮುಂದೆ ಹಿಡಿದು ಎಲ್ಲವೂ ಅಸಲಿಯೇ ಎಂದು ಅನಿಲ್‌ಕುಮಾರ್ ಕೇಳಿದಾಗ, "ಒಳಗೂ ಹೊರಗೂ ಅಂದಿನದೇ" ಎಂದುಬಿಟ್ಟ.

ಅನಿಲ್‌ಕುಮಾರ್ ಒಂದು ಮುಚ್ಚಳ ತಿರುಗಿಸಿ, ಆಸಿಡ್ ಹೀರಿ ಅಳೆಯುವ ಹೈಡ್ರೋಮೀಟರ್ ಇಳಿಸಿದ. ಗಾಜಿನ ನಳಿಗೆಯಲ್ಲಿ ಏನೂ ಏರಲಿಲ್ಲ. ಕಿರುಬೆರಳು ಇಟ್ಟ. ಒದ್ದೆಯಾಗದ ಬೆರಳನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ಏಮಯ್ಯಾ ಮೇಷ್ಟ್ರೇ, ಆಸಿಡ್ ಎಲ್ಲಿ? ಕಾಲೇಜಲ್ಲಿ ಮಕ್ಳಿಗೂ ಹಿಂಗೇನಾ, ಖಾಲಿ ಡಬ್ಬಿ ತೋರ್ಸಿ ಪಾಠ ಮಾಡೋದು?"

ಅಂಗಳಕ್ಕೆ ಅಂಗಳವೇ ನಕ್ಕಿತು. ಅಲ್ಲಿಂದ ಮುಂದೆ ನಾಮಕರಣವಿರಲಿ, ತಿಥಿಯಿರಲಿ, ಆ ಮನೆಯಲ್ಲಿ ಎಲೆಯ ಮುಂದೆ ಕೂತರೆ ಯಾರಾದರೂ ಒಬ್ಬರು, "ಡಬ್ಬಿ ಮೇಷ್ಟ್ರಿಗೆ ಇನ್ನೊಂದು ಹೋಳಿಗೆ ಹಾಕ್ರಪ್ಪ" ಎನ್ನುವರು. ಮಾತು ಕಾಲೇಜಿಗೂ ಹಬ್ಬಿತು. ಅಳತೆ, ತೂಕ, ಶುದ್ಧತೆ ಎಂದು ಬದುಕಿದ ಮನುಷ್ಯ. ಇಷ್ಟಿದೆ ಎಂದು ಅವನೆಂದರೆ ಅಷ್ಟೇ ಇದೆ ಎಂದು ನಂಬುವವರು ನಾಲ್ಕು ಜನರಿದ್ದರು. ಈಗ ಅವನ ಮಾತಿಗೆ ನಗು ಮೊದಲು, ನಂಬಿಕೆ ಆಮೇಲೆ. ಬಿಲ್ಲೆ ಹೋದರೆ ಹೋಗಲಿ, ಮಾತು ವಾಪಸು ಬೇಕು ಎಂದು ಅವನಿಗೆ ಹಟ ಹತ್ತಿತು. ಒಳಗೂ ಹೊರಗೂ ನಿಜವಾಗಿ ಅಂದಿನಂತೆಯೇ ಇರುವ ಬ್ಯಾಟರಿಯನ್ನು ಕಟ್ಟಿ, ಅದೇ ಅಂಗಳದಲ್ಲಿ ಅದೇ ಭಾವನ ಮುಂದೆ ಇಡುವುದೆಂದು ತೀರ್ಮಾನಿಸಿದ.

ಅಡ್ಡಗೋಡೆ ಒಡೆದ ಪೆಟ್ಟಿಗೆ ಇನ್ನು ಕೆಲಸಕ್ಕೆ ಬಾರದು. ಇನ್ನೊಂದು ಪೆಟ್ಟಿಗೆ ಸಿಕ್ಕಿದ್ದು ಮುಳಬಾಗಿಲಿನಲ್ಲಿ, ಹಿಂದೊಮ್ಮೆ ಬಸ್ಸು ಓಡಿಸಿದವರ ಹಿತ್ತಲಿನಲ್ಲಿ. ಅದರ ಆರೂ ಖಾನೆಗಳಲ್ಲಿ ಮಣ್ಣು ತುಂಬಿ, ಆ ಮನೆಯ ಮುನಿಯಲ್ಲಮ್ಮ ಮೆಣಸಿನಕಾಯಿ ಸಸಿ ಬೆಳೆಸಿದ್ದಳು.

"ಇಡೀ ಮುಳಬಾಗಿಲಲ್ಲಿ ನಿಮ್ಗೆ ಬೇರೆ ಡಬ್ಬ ಸಿಗ್ಲಿಲ್ವಾ ಸಾಮಿ?"

"ಒಡೀದೆ ಉಳಿದಿರೋದು ಇದೊಂದೇ ಕಣಮ್ಮ."

"ಒಡೀದೆ ಇರೋದಕ್ಕೇ ನಾನೂ ಇಟ್ಕೊಂಡಿರೋದು. ಸಸಿ ನಾಟಿ ಆಗೋ ತಂಕ ಕಾಯಿ. ಕಾಯೋಕ್ ಆಗ್ದಿದ್ರೆ ಬಂದ ದಾರೀಲೆ ಹೋಗ್ತಾ ಇರು."

ಅವನು ಕಾದ. ಸಸಿ ಕಿತ್ತ ಮೇಲೆ ಪೆಟ್ಟಿಗೆಯನ್ನು ತಂದು ತೊಳೆದ. ಒಂದು ಖಾನೆಗೆ ಉಪ್ಪುನೀರು ತುಂಬಿ, ಪಕ್ಕದ ಖಾನೆ ಒಣಗಿಯೇ ಇದೆಯೇ ಎಂದು ನೋಡಿದ. ಹೀಗೆ ಪ್ರತಿ ಗೋಡೆಯನ್ನೂ ಪರೀಕ್ಷಿಸಿದ. ಮಾಲೂರಿನಲ್ಲಿ ಬ್ಯಾಟರಿ ರಿಪೇರಿಯ ಅಂಗಡಿ ಇಟ್ಟಿದ್ದ ಶ್ರೀಧರ್ ಸೀಸದ ಪ್ಲೇಟುಗಳನ್ನು ಅಳತೆಗೆ ಕತ್ತರಿಸಿಕೊಟ್ಟ. ಆದರೆ ಪ್ಲೇಟುಗಳ ನಡುವೆ ಆ ಕಾಲದಂತೆ ಮರದ ತೆಳು ಹಾಳೆಗಳನ್ನೇ ಇಡಬೇಕೆಂದಾಗ ಅವನೂ ಸಿಡುಕಿದ.

"ಪ್ಲಾಸ್ಟಿಕ್ಕೇ ಇಡೋಣ ಸಾರ್. ಒಳಗೆ ಯಾವ ನನ್ಮಗ ನೋಡ್ತಾನೆ?"

"ನಾನು ನೋಡಿರ್ತೀನಲ್ಲ."

"ನೋಡ್ಕೊಳ್ಳಿ. ಮರ ಮುರಿದ್ರೆ ನನ್ನ ಕೇಳ್ಬೇಡಿ."

ಮುರಳಿ ಮರದ ಹಾಳೆಗಳನ್ನು ಕಾಲೇಜಿನ ಲ್ಯಾಬಿನಲ್ಲಿ ಕಾಸ್ಟಿಕ್ ಸೋಡದಲ್ಲಿ ಕುದಿಸಿ, ಮರದಲ್ಲಿನ ಹುಳಿಯನ್ನೆಲ್ಲ ತೆಗೆದು, ಒದ್ದೆಯಾಗಿಯೇ ತಂದುಕೊಟ್ಟ. ಉಳಿದದ್ದು ಪ್ರತಿ ಸೆಲ್ಲಿನ ಪ್ಲೇಟುಗಳನ್ನು ಹಿಡಿದು ನಿಲ್ಲಿಸುವ ಸೀಸದ ಕಂಬಗಳು, ಮತ್ತು ಮೇಲಿನ ದಪ್ಪ ಪಟ್ಟಿಗಳು. ಶ್ರೀಧರನ ಹತ್ತಿರ ಇದ್ದ ಅಚ್ಚು ಈಗಿನ ಸಣಕಲು ಕಂಬಗಳದು. ಹಳೆಯ ಆಕಾರ ಬೇಕೆಂದರೆ ಮೇಣದಲ್ಲಿ ಮಾದರಿ ಮಾಡಿ ಎರಕ ಹೊಯ್ಯಬೇಕು. ಅದನ್ನು ಮಾಡಬಲ್ಲವರು ಶಿವಾರಪಟ್ಟಣದಲ್ಲಿದ್ದರು.

ಶಿವಾರಪಟ್ಟಣದ ಕದಿರೇಶ ಕಲ್ಲನ್ನೂ ಕೆತ್ತುವನು, ಪಂಚಲೋಹದ ಉತ್ಸವಮೂರ್ತಿಗಳನ್ನೂ ಎರಕ ಹೊಯ್ಯುವನು. ಅವನ ಬೀದಿಯಲ್ಲಿ ಮನೆಗೊಂದರಂತೆ ಉಳಿಯ ಸದ್ದು. ಮೂಗಿಲ್ಲದ ನಂದಿ, ಇನ್ನೂ ಕಣ್ಣು ತೆರೆಯದ ಅಮ್ಮನವರು ಬಿಸಿಲಿಗೆ ಸಾಲಾಗಿ ಕೂತಿದ್ದರು. ಮುರಳಿ ಮೇಣದ ಮಾದರಿಗಳನ್ನು ಕೊಟ್ಟಾಗ ಕದಿರೇಶ ಅವನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಯಾವ ದೇವ್ರು ಸಾರ್?" ಎಂದು ತಮಾಷೆ ಮಾಡಿದ.

"ದೇವ್ರಲ್ಲ. ಸೀಸ. ಹೊಸ ಮೂಸೆ ಇಡು. ನಿನ್ನ ಪಂಚಲೋಹದ ಮೂಸೆ ಮುಟ್ಟಿಸ್ಬೇಡ. ತಾಮ್ರ ಒಂದು ಚೂರು ಸೇರಿದ್ರೂ ಕೆಟ್ಟೋಗುತ್ತೆ."

"ಹೊಸ್ದೇ ಇಡ್ತೀನಿ ಬಿಡಿ. ನಾವು ಮಡಿ ಮಾಡೋರೇ."

ಎರಕದ ದಿನ ಸುನಂದಳೂ ಜೊತೆಗೆ ಬಂದಿದ್ದಳು. ಗಂಡ ತನ್ನ ಅಣ್ಣನ ಮೇಲಿನ ಸಿಟ್ಟಿಗೆ ಹಗಲೂ ರಾತ್ರಿ ಸೀಸ ಉಜ್ಜುತ್ತಿರುವುದು ಅವಳಿಗೆ ಸಮಾಧಾನವೇನಲ್ಲ. ಆದರೆ ತವರಿನಲ್ಲಿ ಗಂಡನ ಎಲೆಯ ಮುಂದೆ ನಗು ಏಳುವಾಗ ತಲೆ ತಗ್ಗಿಸಿ ಬಡಿಸುತ್ತಿದ್ದವಳು ಅವಳೇ. ಈ ಬ್ಯಾಟರಿಯಾದರೂ ಮರ್ಯಾದೆ ಉಳಿಸಲಿ ಎಂಬ ಆಸೆ ಅವಳದು. ಕದಿರೇಶ ಸಣ್ಣ ಮೂಸೆಯಲ್ಲಿ ಸೀಸ ಕರಗಿಸಿ, ಒಂದೊಂದೇ ಅಚ್ಚಿಗೆ ಹೊಯ್ಯುತ್ತ ಬಂದ. ಮುರಳಿ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಕೊನೆಯ ಮೂಸೆ ಒಲೆಯ ಮೇಲಿದ್ದಾಗ ಅವನ ಫೋನು ಹೊಡೆದುಕೊಂಡಿತು. ಅನಿಲ್‌ಕುಮಾರ್.

"ಏನ್ ಮೇಷ್ಟ್ರೇ, ಈ ಸಲ ಡಬ್ಬಿ ಒಳಗೆ ಏನಿಡ್ತಿದ್ದೀಯ? ಟಾರ್ಚ್ ಸೆಲ್ಲಾ?"

ಮುರಳಿ ಬೀದಿಗೆ ಬಂದ. "ಬಂದಾಗ ನೋಡಿ ಭಾವ."

"ನಾನು ನೋಡೇ ನೋಡ್ತೀನಿ. ಈ ಸಲ ಆರೂ ಮುಚ್ಚಳ ಬಿಚ್ಚಿ ನೋಡ್ತೀನಿ. ಮೊದ್ಲೇ ಹೇಳ್ತಾ ಇದ್ದೀನಿ, ಇನ್ನೊಂದು ಸಲ ನನ್ನ ಅಂಗಳದಲ್ಲಿ ಸುಳ್ಳು ಹೇಳಿದ್ರೆ, ತಂಗಿ ಗಂಡ ಅಂತ ನೋಡಲ್ಲ."

"ಹೋದ ಸಲಾನೂ ನೋಡಿಲ್ವಲ್ಲ."

"ನೋಡಿದ್ದಕ್ಕೇ ಊಟ ಹಾಕಿ ಕಳಿಸಿದ್ದು."

ಮಾತಿಗೆ ಮಾತು ಬೆಳೆದು ಮುರಳಿ ಒಳಗೆ ಬರುವ ಹೊತ್ತಿಗೆ ಕೊನೆಯ ಎರಕವೂ ಮುಗಿದಿತ್ತು. ಕದಿರೇಶ ಅಚ್ಚಿಗೆ ಕೈಮುಗಿಯುತ್ತಿದ್ದ. ಅದು ಅವನ ಅಭ್ಯಾಸವೆಂದು ಮುರಳಿ ಗಮನ ಕೊಡಲಿಲ್ಲ. ಆ ಕೊನೆಯ ಮೂಸೆಯಿಂದ ಬಂದದ್ದು ಮೂರನೇ ಸೆಲ್ಲಿನ ಎರಡು ಕಂಬಗಳು.

ಬ್ಯಾಟರಿ ಕಟ್ಟಿ, ಡಾಂಬರು ಹೊಯ್ದು, ಆಸಿಡ್ ತುಂಬಿ, ನಿಧಾನವಾಗಿ ಚಾರ್ಜು ಕೊಟ್ಟಾಗ ಅದು ಎದ್ದು ನಿಂತಿತು. ಸೆಲ್ಫ್ ಒತ್ತಿದರೆ ಎಂಜಿನ್ ಒಂದೇ ಸಲಕ್ಕೆ ಹತ್ತಿತು. ಆದರೂ ಒಂದು ಮುಳ್ಳು ಉಳಿಯಿತು. ಸುಮ್ಮನೆ ಬಿಟ್ಟರೆ ಮೂರನೇ ಸೆಲ್ಲು ಮಾತ್ರ ಬೇಗ ಇಳಿಯುತ್ತಿತ್ತು. ಪಟ್ಟಿಗಳು ಬಯಲಲ್ಲೇ ಇದ್ದುದರಿಂದ ಸೆಲ್ಲು ಸೆಲ್ಲಿಗೂ ಮೀಟರ್ ಹಿಡಿದು ನೋಡಬಹುದಿತ್ತು. ಹಳೆಯ ಬ್ಯಾಟರಿಯ ದೊಡ್ಡ ಗುಣವೇ ಅದು, ರೋಗ ಎಲ್ಲಿದೆ ಎಂದು ಮುಚ್ಚಿಡುವುದಿಲ್ಲ. ಶ್ರೀಧರನ ಪ್ಲೇಟಿನ ದೋಷವಿರಬೇಕು ಎಂದುಕೊಂಡು ಮುರಳಿ ಅವನಿಗೆ ಫೋನು ಮಾಡಿ ಕೂಗಾಡಿದ. ಶ್ರೀಧರ್ ಅವನಿಗಿಂತ ಜೋರಾಗಿ ಕೂಗಾಡಿದ. ಹೊರಡುವ ದಿನ ಬೆಳಗ್ಗೆ ಮತ್ತೆ ಪೂರ್ತಿ ಚಾರ್ಜು ತುಂಬಿ, ಗಂಡ ಹೆಂಡತಿ ಶ್ರೀನಿವಾಸಪುರಕ್ಕೆ ಬಂದರು.

ಅಂಗಳ ತುಂಬಿತ್ತು. ಫಿಯೆಟ್‌ಗಳು, ಜೀಪುಗಳು, ಹೋಳೂರಿನವರೊಬ್ಬರ ಆಸ್ಟಿನ್. ಮುರಳಿ ಬಾನೆಟ್ ಎತ್ತಿ, ಪರೀಕ್ಷೆಗೆ ಅನುವಾಗಲೆಂದು ಆರೂ ಮುಚ್ಚಳ ತೆಗೆದಿಟ್ಟು ಕಾದ. ಎಂಜಿನ್ ಆರಿಸಿ ಬಹಳ ಹೊತ್ತಾಗಿತ್ತು. ಐದು ಸೆಲ್ಲುಗಳಲ್ಲಿ ಆಸಿಡ್ ಬಾವಿಯ ನೀರಿನಂತೆ ನಿಶ್ಚಲವಾಗಿತ್ತು. ಮೂರನೆಯದರಲ್ಲಿ ಸಾಸಿವೆಯಂಥ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಅವನು ಬಗ್ಗಿ ನೋಡಿದ. ಚಾರ್ಜೂ ಆಗುತ್ತಿಲ್ಲ, ಕೆಲಸವೂ ಮಾಡುತ್ತಿಲ್ಲ, ಹೀಗಿದ್ದೂ ಗ್ಯಾಸು ಬರುತ್ತಿದೆ. ಇದು ಪ್ಲೇಟಿನ ತಪ್ಪಲ್ಲ. ಸೀಸಕ್ಕೆ ಬೇರೆ ಲೋಹ ಬೆರೆತರೆ ಮಾತ್ರ ಸೆಲ್ಲು ಹೀಗೆ ತನ್ನ ಚಾರ್ಜನ್ನು ತಾನೇ ತಿನ್ನುತ್ತದೆ. ಶ್ರೀಧರನನ್ನು ಸುಮ್ಮನೆ ಬೈದೆ ಎಂದುಕೊಂಡ.

"ಇದ್ರೊಳಗೆ ಬೇರೆ ಲೋಹ ಸೇರ್ಕೊಂಡಿದೆ" ಎಂದ, ತನಗೆ ತಾನೇ ಎಂಬಂತೆ.

"ಯಾವ ಲೋಹ?" ಎಂದಳು ಪಕ್ಕದಲ್ಲಿದ್ದ ಸುನಂದ.

"ತಾಮ್ರವೋ, ಬೆಳ್ಳಿಯೋ, ಚಿನ್ನವೋ, ಯಾವುದೋ ಒಂದು. ಆ ಕದಿರೇಶನ ಮೂಸೆ ತೊಳೆದಿರ್ಲಿಲ್ಲ ಅಂತ ಕಾಣುತ್ತೆ."

ಸುನಂದ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. "ಮೂಸೆ ಹೊಸ್ದೇ ಇತ್ತು."

"ನಿಂಗೇನ್ ಗೊತ್ತು?"

"ನಾನು ಅಲ್ಲೇ ಇದ್ನಲ್ಲ. ಬಂಗಾರ ನಾನೇ ಹಾಕಿದ್ದು."

ಮುರಳಿ ನಿಧಾನವಾಗಿ ಅವಳ ಕಡೆ ತಿರುಗಿದ.

"ನೀವು ಫೋನಲ್ಲಿ ಅಣ್ಣನ್ ಜೊತೆ ಕಿತ್ತಾಡ್ತಿದ್ರಿ. ಕದಿರೇಶ ಅಂದ, ಎರಕಕ್ಕೆ ಮನೆ ಹೆಣ್ಮಗಳ ಕೈಯಿಂದ ಒಂಚೂರು ಬಂಗಾರ ಬೀಳ್ಬೇಕಮ್ಮ, ಬರೀ ಲೋಹ ಹೊಯ್ದು ನಮ್ಗೆ ಅಭ್ಯಾಸ ಇಲ್ಲ ಅಂತ. ಮುರಿದ ಓಲೆ ಕೊಕ್ಕೆ ಪರ್ಸಲ್ಲೇ ಇತ್ತು. ಹಾಕ್ದೆ. ಒಳ್ಳೇದಾಗ್ಲಿ ಅಂತ್ಲೇ ಹಾಕಿದ್ದು ಕಣ್ರೀ."

"ಅದು ವಿಗ್ರಹನಾ?" ಅವನ ಧ್ವನಿ ತಗ್ಗಿಯೇ ಇತ್ತು. ಆದರೆ ಹಲ್ಲು ಬಿಗಿದಿತ್ತು. "ಒಂದು ವರ್ಷದ ಕೆಲ್ಸ. ತಾಮ್ರ ಬೇಡ ಅಂತ ಬಾಯಿಬಿಟ್ಟು ಹೇಳಿದ್ದೆ. ನಿನ್ನ ಕೊಕ್ಕೆಯಲ್ಲಿ ತಾಮ್ರಾನೂ ಇದೆ."

"ತಾಮ್ರ ಬೇಡ ಅಂದ್ರಿ. ಬಂಗಾರ ಬೇಡ ಅಂದ್ರಾ?"

ಅಷ್ಟರಲ್ಲಿ ಅನಿಲ್‌ಕುಮಾರ್ ಹತ್ತಿರವೇ ಬಂದಿದ್ದ. ಹಿಂದೆ ನಾಲ್ಕಾರು ಜನ, ಕೈಯಲ್ಲಿ ಹೈಡ್ರೋಮೀಟರ್, ಮುಖದಲ್ಲಿ ಕಳೆದ ವರ್ಷದ್ದೇ ನಗೆ.

ಮಾತಿಗೆ ತಪ್ಪದೆ ಆರೂ ಸೆಲ್ಲು ನೋಡಿದ. ಬೆಳಗ್ಗೆ ತಾನೇ ಚಾರ್ಜು ತುಂಬಿದ್ದರಿಂದ ಎಲ್ಲದರಲ್ಲೂ ತೇಲುಗಡ್ಡಿ ಒಂದೇ ಗೆರೆಗೆ ನಿಂತಿತು. ಡಾಂಬರನ್ನು ಉಗುರಿನಿಂದ ಕೆರೆದ. ಸೀಸದ ಪಟ್ಟಿಗಳ ಮೇಲೆ ಬೆರಳಾಡಿಸಿದ. ಟಾರ್ಚು ಬಿಟ್ಟು ಮರದ ಹಾಳೆಯ ಅಂಚುಗಳನ್ನು ನೋಡಿದ. ಅವನಿಗೆ ಹಳೆಯ ಕಾರುಗಳ ವಿಷಯ ಗೊತ್ತಿತ್ತು, ದ್ವೇಷಿಸುವುದಕ್ಕಾದರೂ ಗೊತ್ತುಮಾಡಿಕೊಂಡಿದ್ದ. ನೋಡುತ್ತ ಹೋದಂತೆ ಮುಖದ ನಗೆ ಇಳಿಯಿತು. "ಸೆಲ್ಫ್ ಹೊಡಿ" ಎಂದ. ಹೊಡೆದ ಕೂಡಲೇ ಎಂಜಿನ್ ಎದ್ದಿತು.

ಅನಿಲ್‌ಕುಮಾರ್ ಹಿತ್ತಾಳೆ ಬಿಲ್ಲೆಯನ್ನು ತೆಗೆದುಕೊಂಡ. ಕೊಡುವ ಮನಸ್ಸಿಲ್ಲದವನ ಕೈ ಎಷ್ಟು ನಿಧಾನವಾಗಬಹುದೋ ಅಷ್ಟು ನಿಧಾನವಾಗಿ ಅದರ ತಂತಿಯನ್ನು ಬಿಡಿಸುತ್ತ ಮೈಕು ಹಿಡಿದ. "ಹೇಳಪ್ಪ. ಒಳಗೂ ಹೊರಗೂ ಅಂದಿನದೇನಾ?"

ಹೌದು ಎಂದರೆ ಮುಗಿಯಿತು. ಇಡೀ ಅಂಗಳದಲ್ಲಿ ಆ ಗುಳ್ಳೆಗಳನ್ನು ನೋಡಿ ಅರ್ಥಮಾಡಿಕೊಳ್ಳಬಲ್ಲವರು ಇನ್ನೊಬ್ಬರಿರಲಿಲ್ಲ. ಇದ್ದ ಚಿನ್ನವಾದರೂ ಎಷ್ಟು, ಕಾಳಿನಷ್ಟೂ ಅಲ್ಲ. ಹೌದು ಎಂದು ಅವನ ನಾಲಿಗೆಯ ತುದಿಯವರೆಗೂ ಬಂತು. ಆದರೆ ಈ ವರ್ಷವಿಡೀ ಮಣ್ಣು ತೊಳೆದದ್ದು, ಮರ ಕುದಿಸಿದ್ದು, ಸಸಿ ಬೆಳೆಯುವವರೆಗೆ ಕಾದದ್ದು ಇದೇ ಪ್ರಶ್ನೆಗೆ ನಿಜವಾದ ಉತ್ತರ ಕೊಡುವುದಕ್ಕೆ. ಈಗ ಹೌದು ಎಂದರೆ ಕಳೆದ ವರ್ಷದ ಸುಳ್ಳಿಗಿಂತ ಇದು ಬರೀ ಗಾತ್ರದಲ್ಲಿ ಚಿಕ್ಕದು.

"ಇಲ್ಲ" ಎಂದ. "ಮೂರನೇ ಸೆಲ್ಲಿನ ಕಂಬದಲ್ಲಿ ಚಿನ್ನ ಸೇರಿದೆ. ಆಗಿನ ಕಂಬದಲ್ಲಿ ಚಿನ್ನ ಇರ್ತಿರ್ಲಿಲ್ಲ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

ಅನಿಲ್‌ಕುಮಾರನ ಮುಖ ಕೆಂಪಾಯಿತು. "ಏನ್ಲಾ, ಗೇಲಿ ಮಾಡ್ತೀಯ? ಬ್ಯಾಟರಿಗೆ ಯಾವನಾದ್ರೂ ಬಂಗಾರ ಹಾಕ್ತಾನಾ? ನಾನು ಬಿಲ್ಲೆ ಕಟ್ಟಿದ್ಮೇಲೆ, ನೋಡ್ರೋ, ಇವನಿಗೆ ಚಿನ್ನಕ್ಕೂ ಸೀಸಕ್ಕೂ ವ್ಯತ್ಯಾಸ ಗೊತ್ತಾಗ್ಲಿಲ್ಲ ಅಂತ ನಗಾಡೋಕಾ?"

"ಗೇಲಿ ಅಲ್ಲ ಭಾವ. ಎರಕ ಹೊಯ್ಯೋವಾಗ ಬಿದ್ದಿದೆ. ನಂಗೂ ಗೊತ್ತಾಗಿದ್ದು ಈಗ್ಲೇ."

"ಯಾರು ಹಾಕಿದ್ದು?"

ಮುರಳಿ ಬಾಯಿ ತೆರೆಯಲಿಲ್ಲ. ಹಿಂದೆ ನಿಂತಿದ್ದ ಸುನಂದ ತಲೆ ಎತ್ತದೆ, "ನಾನೇ ಹಾಕಿದ್ದಣ್ಣ" ಎಂದಳು.

"ಗಂಡ ಹೇಳಿಕೊಟ್ಟಂಗೆ ಹೇಳ್ಬೇಡ ಕಣೇ. ಹೋದ ವರ್ಷ ಇಲ್ಲದ್ದನ್ನ ಇದೆ ಅಂದ. ಈ ವರ್ಷಾನೂ ಇಲ್ಲದ್ದನ್ನೇ ಇದೆ ಅಂತಿದ್ದಾನೆ. ಇವನ ಬಾಯಲ್ಲಿ ಬರೋದು ಒಂದೇ ಸರಕು." ಅವನು ಪಕ್ಕದವನ ಕಡೆ ಕೈ ಚಾಚಿದ. "ಗರಗಸ ತಗೊಂಬಾ. ಕೊಯ್ದು ನೋಡೋಣ ಬಂಗಾರ ಎಲ್ಲಿದೆ ಅಂತ."

"ಕೊಯ್ದ್ರೆ ಕಾಣಲ್ಲ."

"ಯಾಕೆ ಕಾಣಲ್ಲ?"

"ಕರಗಿರೋ ಸೀಸದಲ್ಲಿ ಚಿನ್ನ ಪೂರ್ತಿ ಕರಗಿಹೋಗುತ್ತೆ. ನೀರಲ್ಲಿ ಉಪ್ಪು ಕರಗಿದಂಗೆ. ಕೊಯ್ದ್ರೂ ಸೀಸಾನೇ ಕಾಣೋದು."

ಅಂಗಳ ಮತ್ತೆ ನಕ್ಕಿತು. ಈ ಸಲದ ನಗು ಇನ್ನೂ ಜೋರಾಗಿತ್ತು. ಅನಿಲ್‌ಕುಮಾರ್ ಮೈಕಿಗೆ ಬಾಯಿ ಹಚ್ಚಿಯೇ, "ಕೇಳಿದ್ರಾ? ಬಂಗಾರ ಇದೆಯಂತೆ, ಆದ್ರೆ ಕಾಣಲ್ವಂತೆ" ಎಂದ.

ಮುರಳಿಯ ಕಿವಿ ಬಿಸಿಯಾದವು. ಸುಳ್ಳು ಹೇಳಿ ಸಿಕ್ಕಿಬಿದ್ದಾಗ ಇಷ್ಟು ಉರಿದಿರಲಿಲ್ಲ. ಲ್ಯಾಬಿಗೆ ಒಯ್ದು ಪರೀಕ್ಷೆ ಮಾಡಿ ತೋರಿಸಬಹುದು. ಆದರೆ ಲ್ಯಾಬು ಅವನದು, ಫಲಿತಾಂಶ ಹೇಳುವ ಬಾಯಿಯೂ ಅವನದೇ. ಆ ಬಾಯಿಯನ್ನೇ ಇವರು ನಂಬುವುದಿಲ್ಲ. ಇವರು ನಂಬುವಂಥ ಸಾಕ್ಷಿ ಇವರ ಕಣ್ಣೆದುರೇ ಆಗಬೇಕು, ಅದೂ ಅವನ ಕೈ ಸೋಕದೆ. ಹಾಗೆ ಯೋಚಿಸುತ್ತಿದ್ದಂತೆ ದಾರಿ ಕಂಡಿತು.

ಅವನು ಸ್ಪ್ಯಾನರ್ ತೆಗೆದು ಬ್ಯಾಟರಿಯ ಎರಡೂ ವೈರುಗಳನ್ನು ಬಿಚ್ಚಿದ. ಕಾರಿನ ಕೀಲಿಯನ್ನು ಭಾವನ ಮುಂದೆ ಹಿಡಿದ.

"ಕಾರು ನಿಮ್ಮ ಮಂಡಿಯಲ್ಲೇ ಇರ್ಲಿ. ಬೀಗ ನೀವೇ ಹಾಕ್ಕೊಳಿ. ನಾನು ಈ ಕಡೆ ತಲೆ ಹಾಕಲ್ಲ. ಸೆಲ್ಲು ಸೆಲ್ಲಿಗೂ ಮೀಟರ್ ಹಿಡಿದು ನೀವೇ ನೋಡ್ತಾ ಇರಿ. ನಾನು ಹೇಳಿದ್ದು ನಿಜ ಆದ್ರೆ, ಯಾರೂ ಮುಟ್ಟದೆ ಇದ್ರೂ ಮೂರನೇದು ತಾನಾಗೇ ಸಾಯುತ್ತೆ. ಮಿಕ್ಕಿದ್ದು ಐದೂ ಇರುತ್ತೆ."

"ಸಾಯದೆ ಇದ್ರೆ?"

"ನೆಂಟರ ಮುಂದೆ, ಊರ ಮುಂದೆ, ಏನು ಬೇಕಾದ್ರೂ ಅನ್ನಿ. ಕಾರೂ ನಿಮ್ದೇ."

ಸುನಂದ ಅವನ ತೋಳು ಹಿಡಿದಳು. ಅವನು ಬಿಡಿಸಿಕೊಂಡ. ಅನಿಲ್‌ಕುಮಾರ್ ಕೀಲಿಯನ್ನು ಅಂಗೈಯಲ್ಲಿ ತೂಗಿ ನೋಡಿದ. ಹುಳುಮನೆಯಿಂದ ಆ ಕಾರು ತನ್ನ ಕೈತಪ್ಪಿ ಹೋದ ದಿನ ಅವನಿಗೆ ನೆನಪಾಗಿರಬೇಕು. ಕೀಲಿ ಜೇಬಿಗೆ ಹೋಯಿತು.

ಗಂಡ ಹೆಂಡತಿ ಬಸ್ಸಿನಲ್ಲಿ ಕೋಲಾರಕ್ಕೆ ವಾಪಸಾದರು. ದಾರಿಯುದ್ದಕ್ಕೂ ಸುನಂದ ಕಿಟಕಿಯ ಹೊರಗೇ ನೋಡುತ್ತಿದ್ದಳು. ಊರು ಹತ್ತಿರ ಬಂದಾಗ ಒಮ್ಮೆ ತಿರುಗಿ, "ಎಲ್ರ ಮುಂದೆ ನನ್ನ ಬಾಯಿಂದ ಹೇಳಿಸಿದ್ರಿ" ಎಂದಳು.

"ನಾನು ನಿನ್ನ ಹೆಸರು ಎತ್ತಲೇ ಇಲ್ಲ."

"ಎತ್ತದೆ ಸುಮ್ನೆ ನಿಂತ್ರಲ್ಲ, ಅದಕ್ಕೇ ಹೇಳ್ಬೇಕಾಯ್ತು."

ಆ ಮೇಲೆ ಮನೆಯಲ್ಲಿ ಅನ್ನ ಬಡಿಸುವಷ್ಟು, ಸಾರು ಸಾಕೇ ಎಂದು ಕೇಳುವಷ್ಟು ಮಾತು ಮಾತ್ರ ಉಳಿಯಿತು. ಮುರಳಿ ಕಾಲೇಜಿಗೆ ಹೋಗುವನು, ಬರುವನು. ಪಾಠ ಹೇಳುತ್ತಿರುವಾಗಲೂ ಒಂದು ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಚಿನ್ನ ತೀರಾ ಕಡಿಮೆಯಾಗಿದ್ದರೆ? ಚಳಿಗೆ ಕ್ರಿಯೆ ನಿಧಾನವಾದರೆ? ಭಾವ ತಾನೇ ಕದ್ದು ಚಾರ್ಜು ಹಾಕಿದರೆ? ತಾನು ಕಟ್ಟಿದ ಬ್ಯಾಟರಿ ಸಾಯಲಿ ಎಂದು ಹಾರೈಸುತ್ತ ಕೂತಿರುವುದು ಅವನಿಗೇ ವಿಚಿತ್ರವಾಗಿ ಕಾಣುತ್ತಿತ್ತು.

ಅವರೆಕಾಯಿಯ ಕಾಲ ಮುಗಿಯುತ್ತ ಬಂದಾಗ ಅನಿಲ್‌ಕುಮಾರನ ಫೋನು ಬಂತು. "ಬಾ" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಮುರಳಿ ಹೊರಟಾಗ ಸುನಂದ ತಾನೂ ಚಪ್ಪಲಿ ಮೆಟ್ಟಿಕೊಂಡಳು. ಬಾ ಎಂದು ಅವನು ಕರೆಯಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಮಂಡಿಯ ಒಳಕೋಣೆಯ ಬೀಗ ತೆಗೆದು ಅನಿಲ್‌ಕುಮಾರ್ ಬಾನೆಟ್ ಎತ್ತಿದ. ಬ್ಯಾಟರಿಯ ಮೇಲೆ ಧೂಳು ಕೂತಿರಲಿಲ್ಲ. ಒರೆಸಿಟ್ಟಿದ್ದ. ಜೇಬಿನಿಂದ ಮೀಟರ್ ತೆಗೆದು ಮುರಳಿಯ ಕೈಗೆ ಕೊಡದೆ ತಾನೇ ಒಂದೊಂದು ಸೆಲ್ಲಿಗೂ ಹಿಡಿದು ತೋರಿಸಿದ. ಮೊದಲನೆಯದು ಸರಿ. ಎರಡನೆಯದು ಸರಿ. ಮೂರನೆಯದಕ್ಕೆ ಹಿಡಿದಾಗ ಮುಳ್ಳು ಸ್ವಲ್ಪ ಅಲುಗಾಡಿ ಸೊನ್ನೆಯ ಪಕ್ಕದಲ್ಲೇ ಮಲಗಿತು. ಉಳಿದ ಮೂರೂ ಸರಿ.

"ದಿನಾ ಬೆಳಗ್ಗೆ ನಾನೇ ನೋಡಿದ್ದು" ಎಂದ. "ಮಂಡಿ ಆಳುಗಳಿಗೂ ತೋರ್ಸಿದ್ದೀನಿ. ಯಾರೂ ಮುಟ್ಟಿಲ್ಲ. ದಿನದಿಂದ ದಿನಕ್ಕೆ ಇಳೀತಾನೇ ಹೋಯ್ತು, ಮಗಂದು."

"ಹೂಂ."

"ಅಂದ್ರೆ ಇದು ಅಸಲಿ ಅಲ್ಲ. ಬಿಲ್ಲೆ ಇಲ್ಲ."

"ಇಲ್ಲ" ಎಂದ ಮುರಳಿ. ಎಷ್ಟೋ ತಿಂಗಳಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಆಗ ಹೊರಗೆ ಬಂತು.

"ಫೇಲಾಗಿದೆ ಅಂತ ಹಳೆ ಕಾರಿನ ಸಂಘದೋರಿಗೆಲ್ಲ ಹೇಳ್ತೀನಿ."

"ಹೇಳಿ. ಯಾಕೆ ಫೇಲಾಯ್ತು ಅಂತಾನೂ ಹೇಳಿ."

ಅನಿಲ್‌ಕುಮಾರ್ ಮೀಟರಿನ ವೈರುಗಳನ್ನು ಸುತ್ತುತ್ತ ನಿಂತ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಸುತ್ತಿದ. "ಬಂಗಾರ ಬಿದ್ದಿತ್ತು, ತಾನಾಗೇ ಹೇಳ್ದ, ಹೇಳಿದಂಗೇ ಆಯ್ತು ಅಂತ ಹೇಳ್ತೀನಿ. ಸಾಕಾ? ಇಲ್ಲ, ಕಾಲಿಗೆ ಬೀಳ್ಬೇಕಾ?"

"ಸಾಕು."

"ಅದಕ್ಕೆ ನೀನು ಒಳ್ಳೆಯವನಾದೆ ಅಂತ ಅಂದ್ಕೋಬೇಡ. ಕದಿರಪ್ಪನ ಮನೆಗೆ ಕಳ್ಳನಂಗೆ ನುಗ್ಗಿದ್ದು ನಂಗೆ ಹಂಗೇ ಇದೆ."

"ಇರ್ಲಿ ಬಿಡಿ. ನಂಗೂ ಬೇಕಾದಷ್ಟಿದೆ."

ಕೀಲಿ ಕೈಬದಲಾಯಿತು. ಮುರಳಿ ವೈರುಗಳನ್ನು ಬಿಗಿದ. ಸತ್ತ ಸೆಲ್ಲನ್ನು ಹೊತ್ತುಕೊಂಡು ಸೆಲ್ಫ್ ಎಳೆಯುವ ಶಕ್ತಿ ಉಳಿದ ಐದರಲ್ಲಿ ಇರಲಿಲ್ಲ. ಟಕ್ ಎಂದು ಸುಮ್ಮನಾಯಿತು. ಅಂಗಳದಲ್ಲೇ ಅನಿಲ್‌ಕುಮಾರನ ಮಿನಿ ಲಾರಿ ನಿಂತಿತ್ತು. ಅದರ ಬ್ಯಾಟರಿಯಿಂದ ಎರಡು ವೈರು ಕೊಟ್ಟರೆ ಕೆಲಸ ಮುಗಿಯುತ್ತಿತ್ತು. ಅವನು ಕೈಕಟ್ಟಿ ಬಾಗಿಲಿಗೆ ಒರಗಿ ನಿಂತಿದ್ದ. ಕೇಳಲಿ ಎಂದು ಅವನು ಕಾಯುತ್ತಿದ್ದ. ಮುರಳಿ ಕೇಳಲಿಲ್ಲ.

ಡಿಕ್ಕಿಯಿಂದ ಎಂಜಿನ್ ತಿರುಗಿಸುವ ಹ್ಯಾಂಡಲ್ ತೆಗೆದು ಬಂಪರಿನ ತೂತಿನಲ್ಲಿ ತೂರಿಸಿದ. ಕಿಡಿ ಹಾರಿಸುವಷ್ಟು ಜೀವ ಉಳಿದ ಸೆಲ್ಲುಗಳಲ್ಲಿತ್ತು. ಸುನಂದ ತಾನಾಗಿಯೇ ಡ್ರೈವರ್ ಸೀಟಿಗೆ ಹೋಗಿ ಕೂತಳು. "ಆಕ್ಸಿಲರೇಟರ್ ಯಾವ್ದು?" ಎಂದಳು.

"ಬಲಗಡೆದು. ಮೆಲ್ಲಗೆ."

ಮೊದಲ ಸುತ್ತಿಗೆ ಎಂಜಿನ್ ಕೆಮ್ಮಿತು. ಎರಡನೆಯದಕ್ಕೆ ಹ್ಯಾಂಡಲ್ ತಿರುಗಿ ಒದ್ದು ಅವನ ಮಣಿಕಟ್ಟು ಚುರುಗುಟ್ಟಿತು. "ಹೆಬ್ಬೆಟ್ಟು ಒಳಗಿಟ್ಕೋಬೇಡ, ಮುರ್ಕೊಂಡೀಯ" ಎಂದ ಅನಿಲ್‌ಕುಮಾರ್, ಬೈಯುವ ಧ್ವನಿಯಲ್ಲಿ. ಮುರಳಿ ಹೆಬ್ಬೆರಳನ್ನು ಹೊರಗೆ ತೆಗೆದು ಮತ್ತೆ ಎಳೆದ. ಎಂಜಿನ್ ಹತ್ತಿತು. ಸುನಂದ ಆಕ್ಸಿಲರೇಟರ್ ಬಿಡದೆ ಒತ್ತಿ ಹಿಡಿದಳು. ಮಂಡಿಯ ತಗಡಿನ ಸೂರು ಗಡಗಡ ಎಂದಿತು.

ಅವಳು ಪಕ್ಕಕ್ಕೆ ಸರಿದಳು, ಮುರಳಿ ಸ್ಟೀರಿಂಗ್ ಹಿಡಿದ. ಕಾರು ಗೇಟಿನತ್ತ ಹೊರಳಿದಾಗ ಹಿಂದಿನಿಂದ ಕೂಗು ಬಂತು. "ಏಯ್, ಎಣ್ಣೆ ಸುರಿಸಿ ಹೋಗ್ತಿದ್ದೀಯ. ಮಾವು ಹಾಕೋ ನೆಲ ಇದು. ಒರೆಸು."

ಮುರಳಿ ಗೇರು ತೆಗೆದು, ಎಂಜಿನ್ ಆರದಂತೆ ಆಕ್ಸಿಲರೇಟರನ್ನು ಹೆಂಡತಿಯ ಕಾಲಿಗೆ ಒಪ್ಪಿಸಿ, ಇಳಿದ. ಚಿಂದಿ ಬಟ್ಟೆ ಎಲ್ಲಿ ಎಂದು ಕೇಳಿದ.

"ನಿಂದೇ ತಗೋ" ಎಂದ ಅನಿಲ್‌ಕುಮಾರ್.

ಡಿಕ್ಕಿಯಲ್ಲಿದ್ದ ಬಟ್ಟೆಯನ್ನು ತಂದು, ಮೊಣಕಾಲೂರಿ, ಕಲೆ ಹೋಗುವವರೆಗೂ ಮುರಳಿ ನೆಲ ಉಜ್ಜಿದ. ಅನಿಲ್‌ಕುಮಾರ್ ಕೊನೆಯವರೆಗೂ ನಿಂತು ನೋಡಿದ. ಮುರಳಿ ಎದ್ದು ಹೊರಟಾಗ ಅವನು, "ಅಲ್ಲೊಂಚೂರು ಉಳೀತು ನೋಡು" ಎಂದು ಬೆರಳು ತೋರಿಸಿದ. ಅಲ್ಲಿ ನಿಜವಾಗಿಯೂ ಒಂದು ಹನಿ ಉಳಿದಿತ್ತು. ಮುರಳಿ ವಾಪಸು ಬಂದು ಅದನ್ನೂ ಒರೆಸಿದ.